ಕಿವಿಯಲ್ಲಿ ಅಳೆದ ಬೆಳಕು

ನನ್ನಲ್ಲಿ ಜಾಗವಿಲ್ಲ ಎಂದು ಮೊಬೈಲು ಹೇಳತೊಡಗಿ ಹದಿನೈದು ದಿನವಾಗಿತ್ತು. ಕಳೆದ ಭಾನುವಾರ ಬೆಳಿಗ್ಗೆ ಅವಲಕ್ಕಿ ತಿಂದು, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಬೇಡದ್ದನ್ನೆಲ್ಲ ಅಳಿಸುತ್ತ ಕೂತೆ. ಯಾರು ಯಾರೋ ಕಳಿಸಿದ ಶುಭೋದಯದ ಹೂವುಗಳು, ಮುಗಿದು ವರ್ಷವಾದ ಗೃಹಪ್ರವೇಶದ ಕರೆಯೋಲೆಗಳು, ನನ್ನದೇ ಹೆಬ್ಬೆರಳಿನ ಏಳೆಂಟು ಫೋಟೋಗಳು. ಅವುಗಳ ಮಧ್ಯೆ ಹೆಸರಿಲ್ಲದ ಒಂದು ಧ್ವನಿಮುದ್ರಣ ಸಿಕ್ಕಿತು. ಒಂಬತ್ತು ನಿಮಿಷದ್ದು. ಒತ್ತಿದೆ. ಊಂ ಎಂದು ಒಂದು ಸಣ್ಣ ದನಿ ಮೆಲ್ಲಗೆ ಏರಿತು, ಇಳಿಯಿತು, ಇಲ್ಲವಾಯಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏರಿತು.

ಅಡುಗೆಮನೆಯಿಂದ ನನ್ನ ಹೆಂಡತಿ ಕೇಳಿದಳು: "ಏನ್ರೀ, ನಿಮ್ಮ ಫೋನಿನ್ಯಾಗ ದುಂಬಿ ಹೊಕ್ಕಾದೇನು?"

ದುಂಬಿಯಲ್ಲ, ಬೆಳಕು ಅಂದೆ. ಭೌತಶಾಸ್ತ್ರದ ಮೇಷ್ಟರನ್ನು ಕಟ್ಟಿಕೊಂಡು ಇಪ್ಪತ್ನಾಲ್ಕು ವರ್ಷವಾದವಳಿಗೆ ಇಂಥ ಉತ್ತರಗಳು ಹೊಸವಲ್ಲ. ಅವಳು ಕುಕ್ಕರಿನ ಕಡೆ ತಿರುಗಿದಳು. ನಾನು ಬಾಲ್ಕನಿಯಲ್ಲೇ ಕಣ್ಣುಮುಚ್ಚಿ ಆ ಒಂಬತ್ತು ನಿಮಿಷವನ್ನೂ ಕೇಳಿದೆ. ಅಳಿಸಲು ಕೈ ಬರಲಿಲ್ಲ.

ನಾನು ಕೆಲಸ ಮಾಡುವುದು ಪುಣೆಯ ಹೊರವಲಯದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಮೊದಲ ವರ್ಷದವರಿಗೆ ಭೌತಶಾಸ್ತ್ರ ಹೇಳುತ್ತೇನೆ. ಕಂಪ್ಯೂಟರ್ ಓದಲು ಬಂದ ಮಕ್ಕಳಿಗೆ ನನ್ನ ವಿಷಯವೆಂದರೆ ಹೆದ್ದಾರಿಯ ಟೋಲ್ ನಾಕಾ ಇದ್ದ ಹಾಗೆ. ಗಾಜು ಇಳಿಸಿ, ಕೊಡಬೇಕಾದ್ದನ್ನು ಕೊಟ್ಟು, ಹಿಂತಿರುಗಿ ನೋಡದೆ ಹೋಗುತ್ತಾರೆ. ಅದಕ್ಕೆ ನನಗೆ ಬೇಸರವಿಲ್ಲ. ಬೇಸರವಿದ್ದದ್ದು ಅವರ ಮೊಬೈಲುಗಳ ಮೇಲೆ. ಲೋಲಕ ಎಷ್ಟು ಸಲ ತೂಗಿತು ಎಂದು ಎಣಿಸಬೇಕಾದವರು ಬೆರಳಲ್ಲಿ ಗಾಜು ಉಜ್ಜುತ್ತ ನಿಂತಿರುತ್ತಿದ್ದರು. ಹೀಗಾಗಿ ಪ್ರಯೋಗಾಲಯದ ಬಾಗಿಲಲ್ಲೇ ಇಪ್ಪತ್ತು ಖಾನೆಗಳ ಒಂದು ಮರದ ಗೂಡು ಇಡಿಸಿದ್ದೆ. ಮೊಬೈಲು ಅದರಲ್ಲಿಟ್ಟು ಒಳಗೆ ಬರಬೇಕು. ಆ ಗೂಡು ಮಾಡಿಕೊಟ್ಟವರು ನಮ್ಮ ಪ್ರಯೋಗಾಲಯದ ಸಹಾಯಕರು, ಕದಮ್ ಮಾಮಾ. ಭೋರ್ ಕಡೆಯ ಬಡಗಿ ಮನೆತನದವರು. ಇಡೀ ಕಾಲೇಜಿಗೆ ಮಾಮಾ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೈಯಲ್ಲಿ ಸದಾ ಒಂದು ಸಣ್ಣ ಅರ ಹಿಡಿದು ಏನನ್ನಾದರೂ ಉಜ್ಜುತ್ತಿರುತ್ತಿದ್ದರು, ಮಾತು ಮಾತ್ರ ಬಹಳ ಕಡಿಮೆ.

ನನಗೆ ಪ್ರೀತಿಯ ಜಾಗವೆಂದರೆ ಆ ಪ್ರಯೋಗಾಲಯದ ಒಳಗಿನ ಕತ್ತಲೆ ಕೋಣೆ. ಬೆಳಕಿನ ಪ್ರಯೋಗಗಳೆಲ್ಲ ಅಲ್ಲಿ. ಕಿಟಕಿಗೆ ಕರಿ ಪರದೆ, ಗೋಡೆಗೆ ಕರಿ ಬಣ್ಣ. ಹೊರಗೆ ಏಪ್ರಿಲ್ ಬಿಸಿಲು ಕಣ್ಣಿಗೆ ಚುಚ್ಚುತ್ತಿರುವಾಗ ಪರದೆ ಸರಿಸಿ ಒಳಗೆ ಕಾಲಿಟ್ಟರೆ ಮೊದಲ ಒಂದು ನಿಮಿಷ ಏನೂ ಕಾಣುವುದಿಲ್ಲ. ಬರಿಯ ತಂಪು, ಹಳೆಯ ಮರದ ವಾಸನೆ, ಯಾರದೋ ಬಳೆಯ ಸದ್ದು. ಆಮೇಲೆ ಸೋಡಿಯಂ ದೀಪ ಗುಲಾಬಿಯಾಗಿ ಹೊತ್ತಿ, ನಿಧಾನ ಹಳದಿಗೆ ತಿರುಗುತ್ತದೆ. ಆ ಹಳದಿಯಲ್ಲಿ ಬೇರೆ ಬಣ್ಣವೇ ಇಲ್ಲ. ಕೆಂಪು ಕುಂಕುಮ ಕರ್ರಗೆ ಕಾಣುತ್ತದೆ, ಎಲ್ಲರ ತುಟಿಯೂ ಬೂದಿ. ನಿತ್ಯ ನೋಡುವ ಮುಖಗಳು ಯಾವುದೋ ಹಳೆಯ ಫೋಟೋದಿಂದ ಎದ್ದುಬಂದ ಹಾಗೆ ಇರುತ್ತವೆ. ಆ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕೂತು ನಾನು ಎಷ್ಟೋ ಸಲ ತೂಕಡಿಸಿದ್ದೇನೆ. ಸರ್ ವಿಚಾರ ಮಾಡುತ್ತಿದ್ದಾರೆ ಎಂದು ಮಕ್ಕಳು ತಿಳಿಯುತ್ತಿದ್ದರು.

ಎರಡು ವರ್ಷದ ಹಿಂದಿನ ತಂಡದಲ್ಲಿ ಅನ್ನಪೂರ್ಣಾ ಎಂಬ ಹುಡುಗಿ ಇದ್ದಳು. ಸಾಸವಡದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದಳು. ಅವಳ ಅಜ್ಜನ ಕಾಲದಲ್ಲಿ ಇಂಡಿ ತಾಲೂಕಿನಿಂದ ಬಂದು ಅಲ್ಲಿ ಬೆಲ್ಲ, ಬೇಳೆಯ ಅಂಗಡಿ ಹಾಕಿದ ಕುಟುಂಬ. ಮೊದಲ ದಿನ ಹಾಜರಿ ತೆಗೆದುಕೊಳ್ಳುವಾಗ ನಾನು ಕನ್ನಡದವನೆಂದು ಗೊತ್ತಾಗಿ, ಎಲ್ಲರೂ ಹೋದ ಮೇಲೆ ಬಂದು, ನಮ್ಮ ಮನಿಯಾಗೂ ಕನ್ನಡಾನ ಮಾತಾಡ್ತೀವ್ರಿ ಸರ್, ಎಂದು ಹೇಳಿ ಹೋಗಿದ್ದಳು. ಪಾಠದಲ್ಲಿ ಚುರುಕು. ಕರಿಹಲಗೆಯ ಮೇಲೆ ನಾನು ಮಾಡಿದ ತಪ್ಪು ಎರಡು ಸಲ ಹಿಡಿದಿದ್ದಳು. ಆದರೆ ಕತ್ತಲೆ ಕೋಣೆಗೆ ಬಂದರೆ ಬೇರೆಯೇ ಆಗುತ್ತಿದ್ದಳು. ಮೊದಮೊದಲು ಸ್ಟೂಲು ಎಡವುತ್ತಿದ್ದಳು. ಗೆಳತಿಯ ಭುಜದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ಯಂತ್ರ ಮುಟ್ಟುತ್ತಲೇ ಇರಲಿಲ್ಲ. ನಾಲ್ಕು ಗಂಟೆಯಾಯಿತೆಂದರೆ ಬಸ್ಸಿನ ನೆಪ ಹೇಳಿ ಎಲ್ಲರಿಗಿಂತ ಮೊದಲು ಚೀಲ ಎತ್ತುತ್ತಿದ್ದಳು. ಜಾಣರಿಗೆ ಕೈಕೆಲಸ ಅಂದರೆ ಅಲಕ್ಷ್ಯ ಎಂದು ನಾನು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಅವಳ ಜರ್ನಲ್ಲಿನಲ್ಲಿ ಅಳತೆಗಳು ಮಾತ್ರ ಅಚ್ಚುಕಟ್ಟು. ಅನುಮಾನ ಬಂದು ಗೆಳತಿಯ ಪುಸ್ತಕ ತರಿಸಿ ಪಕ್ಕ ಇಟ್ಟು ನೋಡಿದೆ. ಮೂರು ಪ್ರಯೋಗಗಳಲ್ಲಿ ಎಲ್ಲವೂ ಒಂದೇ. ಗೆಳತಿ ಅವಸರದಲ್ಲಿ ಒಂಬತ್ತನ್ನು ಏಳು ಎಂದು ಬರೆದ ಕಡೆ ಇವಳಲ್ಲೂ ಏಳು. ನನಗೆ ಸಿಟ್ಟು ಬಂತು. ಕಳ್ಳತನ ಹಿಡಿದ ಖುಷಿಯೂ ಸ್ವಲ್ಪ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅವಳನ್ನು ಕರೆದು ಕೇಳಲಿಲ್ಲ. ವಿಭಾಗದಿಂದ ಮನೆಗೆ ಪತ್ರ ಹೋಗುವಂತೆ ಮಾಡಿದೆ.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ಧಾರವಾಡದಲ್ಲಿ ನಾನು ಓದುವಾಗ ಅಳೆಯದೇ ಅಳತೆ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಉತ್ತರ ಮೊದಲು ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ನಡೆದು, ಬೇಕಾದ ಅಂಕಿಗಳನ್ನು ಹುಟ್ಟಿಸುತ್ತಿದ್ದೆ. ನಂಬಿಕೆ ಬರಲೆಂದು ಅಲ್ಲಲ್ಲಿ ಸಣ್ಣ ತಪ್ಪು ಸೇರಿಸುತ್ತಿದ್ದೆ. ನನ್ನ ಗುರುಗಳು ಒಮ್ಮೆ ನನ್ನ ಪುಸ್ತಕ ನೋಡಿ, ನೀನು ಕಥೆ ಬರೆದರೆ ಚೆನ್ನಾಗಿ ಬರೀತೀಯ ಎಂದಿದ್ದರು. ಅದು ಹೊಗಳಿಕೆ ಎಂದು ತಿಳಿದು ವಾರವಿಡೀ ಬೀಗುತ್ತ ತಿರುಗಾಡಿದೆ. ಆ ಪತ್ರ ಬರೆಸುವಾಗ ಇದೊಂದೂ ನೆನಪಿಗೆ ಬರಲಿಲ್ಲ.

ಪತ್ರ ತಲುಪಿದ ಮೂರನೆಯ ದಿನ ಅವಳ ತಂದೆ ಶಿವಲಿಂಗಪ್ಪನವರು ಮಗಳೊಂದಿಗೆ ಬಂದರು. ಬಿಳಿ ಅಂಗಿ, ಹಣೆಗೆ ವಿಭೂತಿ, ಕೈಯಲ್ಲಿ ಮಡಿಚಿದ ಪತ್ರ. ಅಂಗಡಿ ಮುಚ್ಚಿ ಬಂದಿದ್ದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ನಾನು ಎರಡೂ ಜರ್ನಲ್ಲು ತೆರೆದು, ಬೆರಳಿಟ್ಟು, ಸಾಲು ಸಾಲಾಗಿ ತೋರಿಸಿದೆ. ಅವರು ಮಗಳ ಕಡೆ ತಿರುಗಿ, ತಂಗೀ, ಇದು ಖರೇನಾ ಎಂದು ಕೇಳಿದರು. ಬೈಯಲಿಲ್ಲ. ಅನ್ನಪೂರ್ಣಾ ನೆಲ ನೋಡುತ್ತಿದ್ದಳು. ಬಾಗಿಲ ಹತ್ತಿರ ಕದಮ್ ಮಾಮಾ ಯಾವುದೋ ಸ್ಕ್ರೂ ಬಿಗಿಮಾಡುವ ನೆಪದಲ್ಲಿ ನಿಂತಿದ್ದರು.

"ಅಪ್ಪಾ, ನನಗ ಆ ಯಂತ್ರದಾಗಿನ ಗೀಟು ಕಾಣಂಗಿಲ್ಲ," ಅಂದಳು ಅವಳು. "ಕತ್ತಲ್ಯಾಗ ಏನೂ ಕಾಣಂಗಿಲ್ಲ. ಒಂದೂವರಿ ವರ್ಷ ಆತು."

ಕನ್ನಡ ಬಾರದಿದ್ದರೂ ವಿಷಯ ಊಹಿಸಿ ಮಾಮಾ ಸ್ಕ್ರೂಡ್ರೈವರ್ ಕೆಳಗಿಟ್ಟರು. ಮೊದಲ ವಾರದಲ್ಲೇ ತಮಗೆ ಗೊತ್ತಾಗಿತ್ತೆಂದೂ, ಅವಳು ಬರುವ ಮುಂಚೆ ದಾರಿಯ ಸ್ಟೂಲುಗಳನ್ನು ಗೋಡೆಗೆ ಸರಿಸಿಡುತ್ತಿದ್ದುದಾಗಿಯೂ, ಸರ್‌ಗೂ ತಿಳಿದಿರಬಹುದು ಎಂದುಕೊಂಡಿದ್ದಾಗಿಯೂ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು. ನನಗೆ ತಿಳಿದಿರಲಿಲ್ಲ. ನಾನು ಆ ಕೋಣೆಯಲ್ಲಿ ವಿಚಾರ ಮಾಡುತ್ತಿದ್ದೆನಲ್ಲ.

ಸಂಜೆಯಾಗುವ ಮೊದಲು ಅವಳು ಬಸ್ಸು ಹಿಡಿಯುತ್ತಿದ್ದುದು ಯಾಕೆಂದು ಆಗ ಅರ್ಥವಾಯಿತು. ಮನೆಯಲ್ಲಿ ಹೇಳದಿದ್ದುದು ಯಾಕೆಂದು ಮರುವಾರ ಅರ್ಥವಾಯಿತು. ಕಣ್ಣಿನ ದೊಡ್ಡ ಡಾಕ್ಟರರು ನೋಡಿ, ಕಣ್ಣಿನ ಹಿಂಪರದೆ ಅಂಚಿನಿಂದ ಬತ್ತುತ್ತಿದೆ, ಮೊದಲು ಇರುಳಿನ ನೋಟ ಹೋಗುತ್ತದೆ, ಆಮೇಲೆ ಪಕ್ಕದ್ದು, ಎಷ್ಟು ವರ್ಷವೆಂದು ಹೇಳಲಾಗದು, ಇದಕ್ಕೆ ಸದ್ಯ ಔಷಧವಿಲ್ಲ ಎಂದರು. ಶಿವಲಿಂಗಪ್ಪನವರು ನೇರ ನನ್ನ ಹತ್ತಿರ ಬಂದರು. ಓದಿ ಓದಿ ಕಣ್ಣಿಗೆ ಭಾರವಾಗುವುದು ಬೇಡ, ಹೆಸರು ತೆಗೆಸಿ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಓದಿನಿಂದ ಇದು ಹೆಚ್ಚಾಗುವುದಿಲ್ಲವೆಂದು ಡಾಕ್ಟರರೇ ಹೇಳಿದ್ದರು. ಅದನ್ನೇ ನಾನೂ ಹೇಳಿದೆ. ಅವರು, "ಓದ್ಲಿ ಅಂತೀರಿ. ಆದ್ರ ಕಾಣಲಾರದ್ದನ್ನ ಹೆಂಗ ಮಾಡಸ್ತೀರಿ, ಸರ? ಮತ್ತ ಕಾಪಿ ಮಾಡಸ್ತೀರೇನು?" ಎಂದು ಕೇಳಿದರು.

ಪರೀಕ್ಷೆ ಮುಗಿಯುವವರೆಗಾದರೂ ಬಿಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದ್ದು ನನ್ನ ಮೇಲಿನ ನಂಬಿಕೆಯಿಂದಲ್ಲ, ಮಗಳು ಬಾಗಿಲ ಹೊರಗೆ ನಿಂತು ಅಳುತ್ತಿದ್ದಳೆಂಬ ಕಾರಣಕ್ಕೆ.

ಆ ಹೊತ್ತಿಗೆ ನಮ್ಮ ಕಾಲೇಜಿಗೆ ಕಂಪ್ಯೂಟರಿನಲ್ಲೇ ಪ್ರಯೋಗ ಮಾಡುವ ಸೌಲಭ್ಯ ಬಂದಿತ್ತು. ನಾನು ಅದನ್ನು ವಿರೋಧಿಸಿ ಸಭೆಯಲ್ಲಿ ಉದ್ದ ಭಾಷಣ ಮಾಡಿದವನು. ಈಗ ನಾನೇ ಅವಳನ್ನು ಅದರ ಮುಂದೆ ಕೂರಿಸಿದೆ. ಅಕ್ಷರ ದೊಡ್ಡದು ಮಾಡಿಕೊಟ್ಟೆ. ಪರದೆಯ ಮೇಲೆ ಲೇಸರು ಹೊತ್ತಿತು, ಸೀಳು ಬಂತು, ಪಟ್ಟಿಗಳು ಮೂಡಿದವು. ಹತ್ತು ನಿಮಿಷದಲ್ಲಿ ಅವಳು ಮುಗಿಸಿದಳು. ಉತ್ತರ ದಶಾಂಶದ ತನಕ ಸರಿ. ನಾನು ನಿಟ್ಟುಸಿರು ಬಿಟ್ಟೆ. ಅವಳು ಮೌಸನ್ನು ಪಕ್ಕಕ್ಕೆ ಸರಿಸಿ, "ಸರ್, ಇದನ್ನ ನಾ ಅಳದಿಲ್ರಿ. ಅದಕ್ಕ ಮೊದಲ ಗೊತ್ತಿತ್ತು," ಅಂದಳು.

ಎರಡು ದಿನ ಆ ಮಾತು ನನ್ನ ಹಿಂದೆಯೇ ತಿರುಗಿತು. ಮೂರನೆಯ ದಿನ ಸಿಬ್ಬಂದಿ ಕೋಣೆಯಲ್ಲಿ ನೀರಿನ ಬಾಟಲಿ ತುಂಬಿಸುತ್ತಿದ್ದೆ. ಕಣ್ಣು ಕಿಟಕಿಯ ಹೊರಗಿನ ಗುಡ್ಡದ ಮೇಲಿತ್ತು. ಬಾಟಲಿ ತುಂಬುವ ಹೊತ್ತಿಗೆ ಸರಿಯಾಗಿ ಕೈ ತಾನಾಗಿ ನಲ್ಲಿ ನಿಲ್ಲಿಸಿತು. ನೋಡಿರಲೇ ಇಲ್ಲ. ಅಲ್ಲೇ ನಿಂತುಬಿಟ್ಟೆ.

ಬಾಗಲಕೋಟೆಯಲ್ಲಿ ನಮ್ಮ ಓಣಿಗೆ ನಲ್ಲಿ ನೀರು ಬರುತ್ತಿದ್ದದ್ದು ನಸುಕಿನಲ್ಲಿ. ನನ್ನ ಅಜ್ಜಿಗೆ ಎರಡೂ ಕಣ್ಣಲ್ಲಿ ಪೊರೆ. ಆದರೂ ಕೊಡ ತುಂಬುವ ಕೆಲಸ ಅವಳದೇ. ನಾನು ಕಂಬಳಿ ಹೊದ್ದು ಕಟ್ಟೆಯ ಮೇಲೆ ಅರೆನಿದ್ದೆಯಲ್ಲಿ ಕೂತಿರುತ್ತಿದ್ದೆ. ಖಾಲಿ ಕೊಡಕ್ಕೆ ನೀರು ಬೀಳುವಾಗ ದಪ್ಪ ಗಂಟಲಿನ ಸದ್ದು. ತುಂಬುತ್ತ ಬಂದ ಹಾಗೆ ಸಣ್ಣಗಾಗುತ್ತ, ಏರುತ್ತ, ಕುತ್ತಿಗೆಗೆ ಬಂದಾಗ ಸಿಳ್ಳಿನಷ್ಟು ಸಣ್ಣ. ಅಜ್ಜಿ ಆಗ ಕೊಡ ಸರಿಸುತ್ತಿದ್ದಳು. ಒಂದು ಹನಿ ಚೆಲ್ಲುತ್ತಿರಲಿಲ್ಲ. ಹೇಗೆ ಗೊತ್ತಾಗುತ್ತದೆ ಎಂದರೆ, ಅದೇ ಹೇಳ್ತದಲ್ಲೋ ಎನ್ನುತ್ತಿದ್ದಳು. ಹಿತ್ತಾಳೆಯ ಕೊಡ ಒಂದು ರಾಗ, ತಾಮ್ರದ್ದು ಇನ್ನೊಂದು. ನನ್ನ ಪಾಲಿಗೆ ಬೆಳಗಾಗುತ್ತಿದ್ದದ್ದು ಆ ಸದ್ದಿನಲ್ಲಿ. ಕೊಳವೆಯೊಳಗಿನ ಗಾಳಿಯ ಉದ್ದ ಕಡಿಮೆಯಾದರೆ ಸ್ವರ ಏರುತ್ತದೆಂದು ಆಮೇಲೆ ಎಷ್ಟು ವರ್ಷ ಪಾಠ ಹೇಳಿದ್ದೇನೆ. ಅಜ್ಜಿಯ ನೆನಪು ಒಮ್ಮೆಯೂ ಬಂದಿರಲಿಲ್ಲ.

ಬೆಳಕನ್ನು ಸದ್ದು ಮಾಡುವುದು ಹೇಗೆ ಎಂಬುದನ್ನು ನನಗೆ ಒಂದು ಕಾರ್ಯಾಗಾರದಲ್ಲಿ ತೋರಿಸಿದ್ದರು. ಎರಡು ದಿನದ ಕಾರ್ಯಾಗಾರ. ಊಟ ಚೆನ್ನಾಗಿತ್ತು ಎಂಬುದಷ್ಟೇ ನನ್ನ ನೆನಪಿನಲ್ಲಿ ಉಳಿದಿತ್ತು. ನಾಚಿಕೆ ಬಿಟ್ಟು ತರಗತಿಯಲ್ಲೇ ಕೇಳಿದೆ. ಮೊಬೈಲಿಗೆ ಬೆಳಕು ಎಷ್ಟಿದೆ ಎಂದು ಗೊತ್ತಾಗುತ್ತದಂತಲ್ಲ, ಅದನ್ನು ದನಿಯಾಗಿ ಕೇಳಬಹುದೇ ಎಂದು. ಐದು ನಿಮಿಷದಲ್ಲಿ ಹುಡುಗರು ಹುಡುಕಿಕೊಟ್ಟರು. ಮೊಬೈಲಿನ ಮುಂಭಾಗದಲ್ಲಿ, ಸಾಸಿವೆ ಕಾಳಿನಷ್ಟು ಜಾಗದಲ್ಲಿ, ಬೆಳಕನ್ನು ಅಳೆಯುವ ಒಂದು ಕಣ್ಣಿದೆ. ಅದಕ್ಕೊಂದು ಆ್ಯಪ್ ಇದೆ. ಬೆಳಕು ಹೆಚ್ಚಿದರೆ ಸ್ವರ ಏರುತ್ತದೆ, ಕಡಿಮೆಯಾದರೆ ಇಳಿಯುತ್ತದೆ, ಕತ್ತಲಾದರೆ ಸುಮ್ಮನಾಗುತ್ತದೆ. ಇಷ್ಟನ್ನು ನಾನು ಬಾಗಿಲಲ್ಲಿ ಗೂಡು ಇಟ್ಟು ಹೊರಗೆ ತಡೆದಿದ್ದೆ.

ಉಳಿದದ್ದು ಅಳತೆ. ಅದನ್ನು ಕದಮ್ ಮಾಮಾ ಬಗೆಹರಿಸಿದರು. ಗುಜರಿಗೆ ಹಾಕಿದ್ದ ಒಂದು ಸೂಕ್ಷ್ಮದರ್ಶಕದಿಂದ ತಿರುಪು ಬಿಚ್ಚಿ ತಂದರು. ಒಂದು ಸುತ್ತು ತಿರುಗಿಸಿದರೆ ಅದು ಒಂದೇ ಮಿಲಿಮೀಟರು ಸರಿಯುತ್ತದೆ. ಅದನ್ನು ಸಾಗುವಾನಿಯ ಹಳಿಗೆ ಕೂರಿಸಿ, ಮೇಲೊಂದು ತೊಟ್ಟಿಲಿನಂಥ ಮರದ ಪೆಟ್ಟಿಗೆ ಮಾಡಿ, ಅದರಲ್ಲಿ ಮೊಬೈಲು ನಿಲ್ಲಿಸಿದರು. ಮೊಬೈಲಿನ ಕಣ್ಣಿನ ಮುಂದೆ ಸೂಜಿಯಿಂದ ತೂತು ಮಾಡಿದ ಕರಿ ಕಾಗದ. ತಿರುಪಿನ ತಲೆಗೆ ಬೆಂಕಿಕಡ್ಡಿಯ ತುಂಡು ಅಂಟಿಸಿದರು, ಒಂದು ಸುತ್ತಾಯಿತೆಂದು ಬೆರಳಿಗೆ ತಿಳಿಯಲಿ ಎಂದು. ನಾಲ್ಕು ದಿನ ಮನೆಗೆ ತಡವಾಗಿ ಹೋದರು. ಅನ್ನಪೂರ್ಣಾ ಬಂದು ಮುಟ್ಟಿ ನೋಡಿದಾಗ, ಅಂಚಿಗೆ ಇನ್ನಷ್ಟು ಅರ ಹೊಡೆಯಬೇಕು, ಬೆರಳಿಗೆ ಚುಚ್ಚೀತು ಎಂದು ಹಿಂದಕ್ಕೆ ತೆಗೆದುಕೊಂಡರು.

ಪ್ರಯೋಗ ಸರಳ. ಲೇಸರಿನ ಕೆಂಪು ಬೆಳಕು ಕೂದಲೆಳೆಯಂಥ ಸೀಳಿನಲ್ಲಿ ತೂರಿದರೆ ನೇರ ಹೋಗುವುದಿಲ್ಲ. ಹರಡಿಕೊಂಡು, ಎದುರಿನ ಗೋಡೆಯ ಮೇಲೆ ಬೆಳಕು, ಕತ್ತಲೆ, ಮತ್ತೆ ಬೆಳಕು ಎಂದು ಪಟ್ಟಿ ಪಟ್ಟಿಯಾಗಿ ಬೀಳುತ್ತದೆ. ಒಂದು ಕತ್ತಲೆಯಿಂದ ಮುಂದಿನ ಕತ್ತಲೆಗೆ ಎಷ್ಟು ದೂರವೆಂದು ಅಳೆದರೆ ಬೆಳಕಿನ ಅಲೆ ಎಷ್ಟು ಉದ್ದವೆಂದು ಲೆಕ್ಕ ಹಾಕಬಹುದು. ಉಳಿದವರು ಕಣ್ಣಲ್ಲಿ ನೋಡಿ ಅಳೆಯುತ್ತಾರೆ. ಅನ್ನಪೂರ್ಣಾ ಆ ಪಟ್ಟಿಗಳು ಬೀಳುವಲ್ಲಿ ಮೊಬೈಲಿನ ತೊಟ್ಟಿಲು ಇಟ್ಟು, ಕಿವಿಗೆ ಇಯರ್‌ಫೋನು ಹಾಕಿಕೊಂಡು, ಬಲಗೈಯಲ್ಲಿ ತಿರುಪು ಹಿಡಿದು ಕೂತಳು. ಅಂದು ಕೋಣೆಯಲ್ಲಿ ನಾವು ಮೂವರೇ. ಅವಳು ತಿರುಗಿಸುತ್ತ ಹೋದಳು. ಬಾಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಮಧ್ಯೆ ಒಂದು ಕಡೆ ಕೈ ನಿಂತಿತು. ಅರ್ಧ ಸುತ್ತು ಹಿಂದೆ ಬಂದಳು. ಮತ್ತೆ ಮುಂದೆ ಹೋದಳು. ಸುಮ್ಮಗಾತು ಸರ್, ಇಲ್ಲಿ ಕತ್ತಲಿ ಅದ, ಎಂದು ಪಿಸುಗುಟ್ಟಿದಳು. ಆ ಕರಿ ಕೋಣೆಯೊಳಗೆ ಕತ್ತಲೆ ಇಂಥಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು.

ಸಾಲದೆಂದು ಇಯರ್‌ಫೋನು ಕಿತ್ತು, ದನಿ ಹೊರಗೆ ಬಿಟ್ಟು, ನನ್ನ ಮೊಬೈಲಿನಲ್ಲಿ ಮುದ್ರಿಸಿಕೊಳ್ಳುತ್ತ ನಾವೂ ಕೇಳಿದೆವು. ಅಲೆಯೊಂದು ದೂರದಿಂದ ಬಂದು, ದಡ ಮುಟ್ಟಿ, ಹಿಂದೆ ಹೋದ ಹಾಗಿತ್ತು. ಕೆಂಪು ಬಣ್ಣವನ್ನು ನಾನು ಐವತ್ತು ವರ್ಷ ನೋಡಿದ್ದೇನೆ. ಅದು ಹೀಗೆ ಹಾಡುತ್ತ ಹೋಗುತ್ತದೆಂದು ಅಂದುಕೊಂಡಿರಲಿಲ್ಲ.

ಲೆಕ್ಕ ಹಾಕಿದಾಗ ಅವಳಿಗೆ ಬಂದದ್ದು ಆರುನೂರಾ ಹನ್ನೆರಡು ನ್ಯಾನೋಮೀಟರು. ಲೇಸರಿನ ಮೇಲೆ ಬರೆದದ್ದು ಆರುನೂರೈವತ್ತು. ತಪ್ಪು ಕಡಿಮೆಯೇನಲ್ಲ. ಅವಳು ಜರ್ನಲ್ಲಿನಲ್ಲಿ ಆರುನೂರಾ ಹನ್ನೆರಡು ಎಂದೇ ಬರೆದಳು. ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಎರಡು ಗೀಟು ಎಳೆದಳು. ನಾನು ಓದುವಾಗ ಇಂಥದೊಂದು ಅಂಕಿ ಬಂದಿದ್ದರೆ ಮೊದಲು ಹೊಡೆದುಹಾಕುತ್ತಿದ್ದೆ.

ಪರೀಕ್ಷೆಗೆ ತಳೇಗಾಂವ ಕಡೆಯ ಕಾಲೇಜಿನಿಂದ ಒಬ್ಬ ಮೇಡಂ ಬಂದರು. ಬಿಗಿ ಎಂದು ಹೆಸರಾದವರು. ಮರದ ತೊಟ್ಟಿಲು ನೋಡಿ, ಇದು ಯಾವ ಪಠ್ಯದಲ್ಲಿದೆ ಎಂದು ಕೇಳಿದರು. ಯಾವುದರಲ್ಲೂ ಇಲ್ಲ ಎಂದೆ. ಡಾಕ್ಟರರ ಪತ್ರ ಓದಿದರು. ಕನಿಕರ ತೋರಿಸಲಿಲ್ಲ. ಅದು ಒಳ್ಳೆಯದೇ ಆಯಿತು. ಎದ್ದುಹೋಗಿ ಲೇಸರನ್ನೂ ಸೀಳನ್ನೂ ಅರ್ಧ ಮೀಟರು ಹತ್ತಿರಕ್ಕೆ ಸರಿಸಿ, ಈಗ ಏನಾಗುತ್ತದೆ ಎಂದು ಅನ್ನಪೂರ್ಣಾಳನ್ನು ಕೇಳಿದರು. ಮೌನಗಳು ಹತ್ತಿರ ಹತ್ತಿರ ಬರುತ್ತವೆ ಎಂದು ಅವಳು ಮರಾಠಿಯಲ್ಲಿ ಹೇಳಿದಳು. ಅಳೆದು ತೋರಿಸು ಎಂದರು. ಒಂಬತ್ತೂವರೆ ಸುತ್ತು. ಉತ್ತರ ಆರುನೂರಾ ಮೂವತ್ಮೂರು. ಲೇಸರಿನ ಮೇಲೆ ಬೇರೆ ಬರೆದಿದೆಯಲ್ಲ ಎಂದು ಮೇಡಂ ಕೆಣಕಿದರು. ಅದನ್ನು ನಾನು ಅಳೆದಿಲ್ಲ, ಇದನ್ನು ಅಳೆದಿದ್ದೇನೆ, ತಿರುಪಿನಲ್ಲಿ ಸ್ವಲ್ಪ ಸಡಿಲವಿದೆ, ಹಿಂದೆ ಮುಂದೆ ಮಾಡುವಾಗ ಕಾಲು ಸುತ್ತು ತಪ್ಪುತ್ತದೆ ಎಂದು ಅವಳು ಹೇಳಿದಳು. ಮೇಡಂ ಅಂಕಪಟ್ಟಿ ತೆರೆದು ಏನೋ ಬರೆದರು. ಹೋಗುವಾಗ ಆ ಆ್ಯಪಿನ ಹೆಸರು ನನ್ನಿಂದ ಬರೆಸಿಕೊಂಡರು.

ಅನ್ನಪೂರ್ಣಾ ಈಗ ಮೂರನೆಯ ವರ್ಷದಲ್ಲಿದ್ದಾಳೆ. ಸಂಜೆ ಬಿಳಿ ಕೋಲು ಹಿಡಿದು ಬಸ್ ನಿಲ್ದಾಣಕ್ಕೆ ಹೋಗುತ್ತಾಳೆ. ಕಣ್ಣು ಮೊದಲಿಗಿಂತ ಕಡಿಮೆಯಾಗಿದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಕದಮ್ ಮಾಮಾ ನಿವೃತ್ತರಾಗಿ ಭೋರಿನಲ್ಲಿದ್ದಾರೆ. ಮೊಬೈಲಿನ ಗೂಡಿನಲ್ಲಿ ಈಗ ಮಕ್ಕಳು ಚಪ್ಪಲಿ ಬಿಡುತ್ತಾರೆ.

ಪರೀಕ್ಷೆಯ ದಿನ ಮೇಡಂ ಹೊರಟ ಮೇಲೆ ನಡೆದದ್ದೊಂದು ಮಾತ್ರ ನನಗೆ ಆಗಾಗ, ಬಸ್ಸಿನ ಕಿಟಕಿಯಲ್ಲಿ ತಲೆಯಾನಿಸಿ ಕೂತಾಗ, ಕಣ್ಣ ಮುಂದೆ ಬರುತ್ತದೆ. ಶಿವಲಿಂಗಪ್ಪನವರು ಅಂದು ಬೆಳಗಿನಿಂದ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದರು. ಪಾಸಾಗುವುದು ಖಂಡಿತ ಎಂದು ಹೇಳಿದೆ. ತಲೆಯಾಡಿಸಿದರು. ಅಕಿ ಏನು ಕೇಳ್ತಾಳೋ ಅದನ್ನ ನನಗೂ ಕೇಳಸ್ರಿ ಎಂದರು. ಚಪ್ಪಲಿ ಹೊರಗೆ ಬಿಟ್ಟು, ದೇವರ ಕೋಣೆಗೆ ಬಂದವರಂತೆ ಕತ್ತಲೆಯೊಳಗೆ ಬಂದರು. ಅನ್ನಪೂರ್ಣಾ ಅವರ ಕಿವಿಗೆ ಇಯರ್‌ಫೋನು ಇಟ್ಟು, ಕೈಯನ್ನು ತಿರುಪಿನ ಮೇಲಿಟ್ಟಳು. ಬೆಲ್ಲದ ಪೆಂಟೆ ಒಡೆದು ಒಡೆದು ಒರಟಾದ ಕೈ. ಅಷ್ಟು ಸಣ್ಣ ತಿರುಪು ಅವರ ಬೆರಳಲ್ಲಿ ಕಾಣಿಸಲೇ ಇಲ್ಲ. ಒಂದು ಸುತ್ತು, ಎರಡು ಸುತ್ತು. ನಾಲ್ಕಾರು ಸುತ್ತಾದ ಮೇಲೆ ಅವರ ಕೈ ನಿಂತಿತು.

"ಬಂದ್ ಆತೇನು?" ಎಂದು ಕೇಳಿದರು. "ಏನೂ ಕೇಳ್ಸವಲ್ದು."

ಅನ್ನಪೂರ್ಣಾ ಅವರ ಕೈಯ ಮೇಲೆ ತನ್ನ ಕೈಯಿಟ್ಟಳು. "ನಿಲ್ಲಸಬ್ಯಾಡ್ರಿ ಅಪ್ಪಾ. ಇನ್ನೂ ತಿರುಗಸ್ರಿ."

ಅವರು ತಿರುಗಿಸಿದರು. ಕೋಣೆಯಲ್ಲಿ ಯಾವ ಸದ್ದೂ ಇರಲಿಲ್ಲ. ಅವರ ಹುಬ್ಬು ಮೆಲ್ಲಗೆ ಮೇಲೇರಿದ್ದನ್ನು ನೋಡಿ, ಮುಂದಿನ ಬೆಳಕು ಬಂತೆಂದು ನನಗೆ ತಿಳಿಯಿತು.